806 ಮೀಟರ್ ಬೆಟ್ಟಕ್ಕೆ ಇಷ್ಟೊಂದು ತಯಾರಿ ಯಾಕೆ? ಗ್ರೋಸ್ ಮೋರ್ನ್ ಚಾರಣದ ಪ್ರಕರಣ ಅಧ್ಯಯನ

ಮುಳ್ಳಯ್ಯನಗಿರಿ 1,930 ಮೀಟರ್. ಕುಮಾರ ಪರ್ವತ 1,712 ಮೀಟರ್. ಕೆನಡಾದ ಪೂರ್ವದ ತುದಿಯಲ್ಲಿ, ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಪಶ್ಚಿಮ ಕರಾವಳಿಯಲ್ಲಿರುವ ಗ್ರೋಸ್ ಮೋರ್ನ್ ಬೆಟ್ಟ 806 ಮೀಟರ್. ಅಂಕಿ ನೋಡಿದರೆ ಮೂರನೆಯದು ಬೆಳಗಿನ ವಾಕಿಂಗ್ ಅನ್ನಿಸುತ್ತದೆ, ಅಲ್ವಾ? ಟೊರಾಂಟೊ ಸುತ್ತಮುತ್ತ ಇರುವ ನಾವು ನಾಲ್ವರು ಅಲ್ಲಿಗೆ ಹೋಗುವ ಮಾತೆತ್ತಿದಾಗ ನಮ್ಮ ಹುಬ್ಬಳ್ಳಿ ಗೆಳೆಯ ಕೇಳಿದ್ದೂ ಅದನ್ನೇ: "ಅಲ್ಲಪಾ, ಎಂಟ್ನೂರು ಮೀಟರ್ ಗುಡ್ಡಕ್ಕ ಇಷ್ಟ್ಯಾಕ ಮೀಟಿಂಗ್?"

ಆ ಪ್ರಶ್ನೆಗೆ ಉತ್ತರ ಈ ಬರಹ. ನಾವು ಮೊದಲು ಹಾಕಿದ್ದು ಒಂದು ಯೋಜನೆ, ಕೊನೆಗೆ ನಡೆದದ್ದು ಇನ್ನೊಂದು. ಯಾಕೆ ಬದಲಾಯಿತು, ಯಾವ ಲೆಕ್ಕದ ಮೇಲೆ ಬದಲಾಯಿತು, ಬೆಟ್ಟದ ಮೇಲೆ ಆ ಲೆಕ್ಕ ಎಷ್ಟು ನಿಂತಿತು ಅನ್ನುವುದನ್ನು ಬಿಡಿಸಿ ಬರೆಯುತ್ತೇನೆ. ಈ ಬೆಟ್ಟದಲ್ಲಿ ಎತ್ತರಕ್ಕೆ ಹೆದರುವ ಅಗತ್ಯ ಇಲ್ಲ. ಪಕ್ಕದಲ್ಲಿರುವ ಸಮುದ್ರಕ್ಕೆ ಹೆದರಬೇಕು. ಇಡೀ ಪ್ರಕರಣದ ಗಂಟು ಇರುವುದೇ ಅಲ್ಲಿ.

ಗುಂಪು

ಅಕ್ಕ, ಭಾವ, ಹುಬ್ಬಳ್ಳಿ ಗೆಳೆಯ ಮತ್ತು ನಾನು. ಭಾವ ಸಕಲೇಶಪುರದ ಕಡೆಯವರು. ಕುಕ್ಕೆಯಿಂದ ಕುಮಾರ ಪರ್ವತ ಹತ್ತಿ ಇಳಿಯುವುದು ಅವರಿಗೆ ಕಾಲೇಜಿನ ದಿನಗಳಿಂದ ರೂಢಿ. ಕಾಲಲ್ಲಿ ಕಸುವಿದೆ, ಕಾಡಿನ ಭಯವಿಲ್ಲ. ಅಕ್ಕ ದಿನಾ ನಡೆಯುತ್ತಾಳೆ, ಆದರೆ ಇಳಿಜಾರಿನಲ್ಲಿ ಅವಳ ಬಲಗಾಲಿನ ಮಂಡಿ ನೋಯುತ್ತದೆ. ಗೆಳೆಯ ಜಿಮ್ಮಿಗೆ ಹೋಗುವವನು. ದಮ್ಮು ಚೆನ್ನಾಗಿದೆ, ಬೆಟ್ಟದ ಅನುಭವ ಕಮ್ಮಿ. ನನಗೆ ನಕ್ಷೆ ಓದುವ ಹುಚ್ಚು. ನಾಲ್ವರೂ ದಿನಕ್ಕೆ ಇಪ್ಪತ್ತು ಕಿಲೋಮೀಟರ್ ನಡೆಯಬಲ್ಲವರು. ದೇಹಬಲ ಒಂದೇ ಸಾಕಾಗಿದ್ದರೆ ಈ ಪ್ರಕರಣ ಬರೆಯುವಂಥದ್ದೇ ಆಗುತ್ತಿರಲಿಲ್ಲ.

ಜಾಗ

ಗ್ರೋಸ್ ಮೋರ್ನ್ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ ಸುಮಾರು 1,805 ಚದರ ಕಿಲೋಮೀಟರ್. 1987ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಮೆರಿಕದ ಅಪಲೇಚಿಯನ್ ಪರ್ವತಸಾಲು ಸಮುದ್ರ ದಾಟಿ ಉತ್ತರಕ್ಕೆ ಚಾಚಿಕೊಂಡ ತುಂಡು ಇಲ್ಲಿನ ಲಾಂಗ್ ರೇಂಜ್ ಬೆಟ್ಟಗಳು. ಸಮುದ್ರ ಮುಗಿದ ಕೂಡಲೇ ಒಂದಿಷ್ಟು ಜವುಗು ಬಯಲು, ಅದಾದ ಮೇಲೆ ಗೋಡೆಯಂತೆ ಏಳುವ ಬೆಟ್ಟ. ನಡುವೆ ಮೋಡವನ್ನು ತಡೆಯುವಂಥದ್ದು ಏನೂ ಇಲ್ಲ.

ಸೇಂಟ್ ಲಾರೆನ್ಸ್ ಕೊಲ್ಲಿಯ ಮೇಲಿಂದ ಬರುವ ಪಶ್ಚಿಮದ ಗಾಳಿ ತೇವ ಹೊತ್ತು ಬರುತ್ತದೆ. ಬೆಟ್ಟಕ್ಕೆ ಬಡಿದು ಮೇಲೇರುತ್ತದೆ, ತಣ್ಣಗಾಗುತ್ತದೆ, ಮೋಡವಾಗಿ ತುದಿಯ ಮೇಲೆ ಕೂರುತ್ತದೆ. ಆಗುಂಬೆಯಲ್ಲಿ ಮುಂಗಾರಿನಲ್ಲಿ ಆಗುವುದೂ ಇದೇ. ವ್ಯತ್ಯಾಸ ಏನೆಂದರೆ, ಇಲ್ಲಿ ಮೋಡದೊಳಗೆ ಸಿಕ್ಕಿಕೊಂಡರೆ ಆಗಸ್ಟಿನಲ್ಲೂ ಕೈಬೆರಳು ಮರಗಟ್ಟುವ ಚಳಿ. ತುದಿಯ ಮೇಲೆ ಮರವೇ ಇಲ್ಲ. ಆರ್ಕ್ಟಿಕ್ ಮೊಲ, ಕ್ಯಾರಿಬೂ ಅನ್ನುವ ಚಳಿನಾಡಿನ ಜಿಂಕೆ, ರಾಕ್ ಟಾರ್ಮಿಗನ್ ಹಕ್ಕಿ ಬದುಕುವ ಕಲ್ಲುಬಯಲು ಅದು. ಅವು ಮರಿ ಮಾಡುವ ಕಾಲಕ್ಕೆ ತೊಂದರೆ ಆಗದಿರಲಿ ಅಂತ ಮೇ ಮೊದಲಿಂದ ಜೂನ್ ಕೊನೆಯವರೆಗೆ ತುದಿಗೆ ಹೋಗುವ ದಾರಿಯನ್ನು ಮುಚ್ಚುತ್ತಾರೆ.

ಮೊದಲ ಯೋಜನೆ: ಲಾಂಗ್ ರೇಂಜ್ ಟ್ರಾವರ್ಸ್

ಎಲ್ಲ ಶುರುವಾಗಿದ್ದು ಒಂದು ಫೋಟೊದಿಂದ. ಎರಡೂ ಕಡೆ ಕಡಿದಾದ ಬಂಡೆ, ನಡುವೆ ಹಾವಿನಂತೆ ಮಲಗಿದ ನೀಲಿ ನೀರು, ದೂರದಲ್ಲಿ ಸಮುದ್ರ. ಅದು ವೆಸ್ಟರ್ನ್ ಬ್ರೂಕ್ ಪಾಂಡ್. ಹಿಮನದಿ ಕೊರೆದ ಕಣಿವೆ, ಹಿಂದೆ ಸಮುದ್ರದ ಭಾಗವಾಗಿದ್ದು ಈಗ ಸಿಹಿನೀರಿನ ಸರೋವರ. 16 ಕಿಲೋಮೀಟರ್ ಉದ್ದ, ಸುಮಾರು 165 ಮೀಟರ್ ಆಳ. ಬಂಡೆಗಳು 600 ಮೀಟರಿಗೂ ಜಾಸ್ತಿ ಎತ್ತರ. ಆ ಫೋಟೊ ಇರುವ ಜಾಗಕ್ಕೆ ಹೋಗಬೇಕೆಂದರೆ ದೋಣಿಯಲ್ಲಿ ಸರೋವರದ ಆಚೆ ತುದಿಗೆ ಹೋಗಿ, ಕಣಿವೆಯೊಳಗಿಂದ ಮೇಲೆ ಹತ್ತಬೇಕು. ಅಲ್ಲಿಂದ ಬೆಟ್ಟದ ಬೆನ್ನಿನ ಮೇಲೆ ದಕ್ಷಿಣಕ್ಕೆ ನಡೆಯುತ್ತಾ ಗ್ರೋಸ್ ಮೋರ್ನ್ ಬೆಟ್ಟದ ದಾರಿಗೆ ಬಂದು ಸೇರುವುದು. ಸುಮಾರು 35 ಕಿಲೋಮೀಟರ್. ಮೂರು ನಾಲ್ಕು ದಿನದ ಕೆಲಸ.

35 ಕಿಲೋಮೀಟರ್ ದೊಡ್ಡ ಮಾತಲ್ಲ. ಕಷ್ಟ ಇರುವುದು ಬೇರೆ ಕಡೆ: ಅಲ್ಲಿ ದಾರಿಯೇ ಇಲ್ಲ. ಬಾಣದ ಗುರುತಿಲ್ಲ, ಬೋರ್ಡಿಲ್ಲ. ನಕ್ಷೆ ಮತ್ತು ದಿಕ್ಸೂಚಿ ಹಿಡಿದು ನೀವೇ ದಾರಿ ಮಾಡಿಕೊಳ್ಳಬೇಕು. ಮೊದಲೇ ಜಾಗ ಕಾದಿರಿಸಬೇಕು, ಪರವಾನಗಿ ಬೇಕು, ಹೊರಡುವ ಮುನ್ನ ಉದ್ಯಾನದ ಸಿಬ್ಬಂದಿ ಕೊಡುವ ಮಾಹಿತಿ ತರಗತಿಗೆ ಕೂರಲೇಬೇಕು.

ದಾರಿ ಇಲ್ಲ ಅಂದೆನಲ್ಲ, ಅದು ಪೂರ್ತಿ ಸರಿಯಲ್ಲ. ಬೇಡದ ದಾರಿಗಳು ನೂರಾರಿವೆ. 1904ರಲ್ಲಿ ಈ ದ್ವೀಪಕ್ಕೆ ನಾಲ್ಕು ದೈತ್ಯ ಜಿಂಕೆಗಳನ್ನು, ಅಂದರೆ ಮೂಸ್‌ಗಳನ್ನು ತಂದು ಬಿಟ್ಟರು. ಈಗ ದ್ವೀಪದ ತುಂಬಾ ಲಕ್ಷಕ್ಕೂ ಹೆಚ್ಚು ಇವೆ. ಅವು ಮತ್ತು ಕ್ಯಾರಿಬೂ ಓಡಾಡಿ ಮಾಡಿದ ಕಾಲುದಾರಿಗಳು ಥೇಟ್ ಮನುಷ್ಯರ ದಾರಿಯಂತೆಯೇ ಕಾಣುತ್ತವೆ. ಚೆನ್ನಾಗಿ ಸವೆದಿರುತ್ತವೆ, ನಂಬಿಕೆ ಹುಟ್ಟಿಸುತ್ತವೆ, ಆಮೇಲೆ ಟಕಮೋರ್ ಒಳಗೆ ಹೊಕ್ಕು ಮಾಯ. ಟಕಮೋರ್ ಅಂದರೆ ಗಾಳಿಗೆ ಕುಳ್ಳಗಾಗಿ, ಒಂದಕ್ಕೊಂದು ಹೆಣೆದುಕೊಂಡು ಬೆಳೆದ ಸ್ಪ್ರೂಸ್ ಮತ್ತು ಫರ್ ಮರಗಳು. ನಮ್ಮ ಕಡೆ ಲಂಟಾನ ಪೊದೆಯೊಳಗೆ ನುಗ್ಗಿ ಗೊತ್ತಿದ್ದವರಿಗೆ ಅಂದಾಜಾಗುತ್ತದೆ, ಆದರೆ ಇವು ಲಂಟಾನದಂತೆ ಬಾಗುವುದಿಲ್ಲ. ಮೂಸ್ ಎದೆಯಿಂದ ತಳ್ಳಿಕೊಂಡು ದಾಟುತ್ತದೆ. ನಾವು ಬ್ಯಾಗ್ ಸಿಕ್ಕಿಸಿಕೊಂಡು ನಿಲ್ಲುತ್ತೇವೆ.

ಪರೀಕ್ಷೆ

ಬುಕಿಂಗ್‌ಗೆ ದುಡ್ಡು ಹಾಕುವ ಮುಂಚೆ ಒಂದು ಅಭ್ಯಾಸ ಮಾಡೋಣ ಅಂತ ಒಂಟಾರಿಯೋದ ಒಂದು ಕಾಡಿಗೆ ಹೋದೆವು. ನಿಯಮ ಸರಳ. ಒಬ್ಬೊಬ್ಬರಿಗೂ ನಕ್ಷೆಯ ಮೇಲೆ ಅರ್ಧ ಕಿಲೋಮೀಟರ್ ದೂರದ ಒಂದು ಗುರಿ. ಫೋನ್ ಜೇಬಿನಲ್ಲಿ. ದಿಕ್ಸೂಚಿ ಮಾತ್ರ ಕೈಯಲ್ಲಿ. ಉಳಿದವರು ಹಿಂದೆ ಬರಬೇಕು, ಬಾಯಿ ಬಿಡಬಾರದು.

ಗೆಳೆಯ ಮೊದಲು ಹೋದ. ಒಂದು ಜಿಂಕೆದಾರಿ ಸಿಕ್ಕಿತು, ಸಲೀಸಾಗಿತ್ತು, ಅದರಲ್ಲೇ ಹೋದ. ದಿಕ್ಸೂಚಿ ನೋಡುವುದನ್ನು ಯಾವಾಗ ಬಿಟ್ಟ ಅಂತ ಅವನಿಗೇ ಗೊತ್ತಾಗಲಿಲ್ಲ. ಭಾವ ದಿಕ್ಸೂಚಿಯನ್ನು ಒಂದು ಸಲ ನೋಡಿ ಜೇಬಿಗೆ ಹಾಕಿ, "ಕಾಡಲ್ಲಿ ಹುಟ್ಟಿ ಬೆಳೆದವನು ಕಣೋ ನಾನು" ಅಂತ ಹೊರಟರು. ಹೋದ ವೇಗ ಭರ್ಜರಿ. ತಲುಪಿದ್ದು ಬೇರೆಯೇ ಕೆರೆ. ಅಕ್ಕ ಒಂದು ಮರ ಗುರುತಿಟ್ಟುಕೊಂಡು ಅಲ್ಲಿವರೆಗೆ ಹೆಜ್ಜೆ ಎಣಿಸುತ್ತಾ ಹೋಗಿ, ನಿಂತು, ಮತ್ತೆ ದಿಕ್ಕು ನೋಡಿ, ಮತ್ತೊಂದು ಮರ ಹಿಡಿದು, ಹೀಗೆ ನಿಧಾನವಾಗಿ ಹೋಗಿ ಗುರಿಯ ಹತ್ತಿರವೇ ಬಂದು ನಿಂತಳು. ಆದರೆ ನಕ್ಷೆಯ ಎತ್ತರದ ಗೆರೆ ನೋಡಿ ಎಲ್ಲಿ ಕಡಿದು, ಎಲ್ಲಿ ಸಮ ಅಂತ ಹೇಳುವುದು ಅವಳಿಗಿನ್ನೂ ಬಂದಿರಲಿಲ್ಲ.

ಆ ರಾತ್ರಿ ಊಟದ ಮೇಜಿನ ಮೇಲೆ ನಕ್ಷೆ ಹರಡಿ ಕೂತಾಗ ಇನ್ನೊಂದು ಲೆಕ್ಕ ಮಾಡಿದೆವು. ದಿಕ್ಸೂಚಿಯ ಮುಳ್ಳು ತೋರಿಸುವ ಉತ್ತರ ಮತ್ತು ನಕ್ಷೆಯ ಉತ್ತರ ಒಂದೇ ಅಲ್ಲ. ಕರ್ನಾಟಕದಲ್ಲಿ ಈ ವ್ಯತ್ಯಾಸ ತೀರಾ ಕಮ್ಮಿ, ಹಾಗಾಗಿ ಅಲ್ಲಿ ಚಾರಣ ಮಾಡುವವರು ಇದರ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ಟೊರಾಂಟೊದಲ್ಲಿ ಸುಮಾರು 10 ಡಿಗ್ರಿ ಪಶ್ಚಿಮಕ್ಕೆ. ಗ್ರೋಸ್ ಮೋರ್ನ್‌ನಲ್ಲಿ ಹತ್ತಿರಹತ್ತಿರ 18. ಏನೂ ಸರಿಪಡಿಸಿಕೊಳ್ಳದೆ ಒಂದು ಕಿಲೋಮೀಟರ್ ನಡೆದರೆ 300 ಮೀಟರ್ ಪಕ್ಕಕ್ಕೆ ಹೋಗಿರುತ್ತೀರಿ. ಟೊರಾಂಟೊಗೆ ಹೊಂದಿಸಿಟ್ಟ ದಿಕ್ಸೂಚಿಯನ್ನೇ ಅಲ್ಲಿಗೆ ಒಯ್ದರೂ 140 ಮೀಟರ್ ತಪ್ಪುತ್ತದೆ. ಬಿಸಿಲಿದ್ದರೆ ಪರವಾಗಿಲ್ಲ, ಸರೋವರವೋ ಬೆಟ್ಟದ ತುದಿಯೋ ಕಂಡೇ ಕಾಣುತ್ತದೆ. ಮೋಡದೊಳಗೆ ಹತ್ತು ಮೀಟರ್ ಕಾಣುವಾಗ 140 ಮೀಟರ್ ಅಂದರೆ ಬಂಡೆಯ ಅಂಚೂ ಆಗಬಹುದು.

"ಜಿಪಿಎಸ್ ಇದೆಯಲ್ಲೋ" ಅಂದರು ಭಾವ.

ಇದೆ. ಒಯ್ಯಲೇಬೇಕು ಕೂಡ. ಆದರೆ ನೀವೆಲ್ಲಿದ್ದೀರಿ ಅಂತ ಅದು ಹೇಳುತ್ತದೆ, ನಿಮ್ಮ ಮತ್ತು ಮುಂದಿನ ಕ್ಯಾಂಪಿನ ನಡುವೆ ಟಕಮೋರ್ ಗೋಡೆ ಇದೆಯೋ ಇಲ್ಲವೋ ಅಂತ ಹೇಳುವುದಿಲ್ಲ. ಚಳಿಗೆ ಬ್ಯಾಟರಿ ಇಳಿಯುತ್ತದೆ. ಒದ್ದೆ ಬೆರಳಿಗೆ ಫೋನಿನ ಪರದೆ ಮಾತು ಕೇಳುವುದಿಲ್ಲ.

ಕೊನೆಗೆ ಚರ್ಚೆ ಒಂದೇ ಪ್ರಶ್ನೆಗೆ ಬಂದು ನಿಂತಿತು. ಮುಂದೆ ದಾರಿ ತೋರಿಸುವವನ ಕಾಲು ಎರಡನೇ ದಿನ ಉಳುಕಿತು ಅಂತಿಟ್ಟುಕೊಳ್ಳಿ, ಮೋಡ ಬೇರೆ ಇದೆ. ಉಳಿದವರಲ್ಲಿ ಯಾರು ಎಲ್ಲರನ್ನೂ ಕೆಳಗೆ ತರುತ್ತಾರೆ? ನಾಲ್ವರಲ್ಲಿ ಕನಿಷ್ಠ ಇಬ್ಬರಾದರೂ "ನಾನು" ಅನ್ನಬೇಕಿತ್ತು. ಅವತ್ತು ಆ ಸ್ಥಿತಿ ಇರಲಿಲ್ಲ. ಅಕ್ಕನೇ ಮುಗಿಸಿದಳು: "ರೀ, ಫೋಟೊ ಎಲ್ಲೂ ಹೋಗಲ್ಲ. ಈ ಸಲ ದಾರಿ ಇರೋ ಬೆಟ್ಟ ಹತ್ತೋಣ." ಭಾವನಿಗೆ ಬೇಜಾರಾಯಿತು. ಎರಡು ದಿನ ಫೋನಿನಲ್ಲಿ ಬರೀ "ಹೂಂ", "ಸರಿ".

ನನ್ನ ಪ್ರಕಾರ ಇಡೀ ತಯಾರಿಯಲ್ಲಿ ಅತ್ಯಂತ ಬೆಲೆಬಾಳುವ ಕೆಲಸ ಈ ಅಭ್ಯಾಸವೇ. ಬೂಟು, ಬ್ಯಾಗು, ಟೆಂಟು ಅಂತ ಜನ ವಾರಗಟ್ಟಲೆ ವಿಡಿಯೊ ನೋಡುತ್ತಾರೆ. ಗುಂಪಿನಲ್ಲಿ ಯಾರಿಗೆ ಏನು ಬರುತ್ತದೆ ಅಂತ ಒಂದು ಮಧ್ಯಾಹ್ನ ಕಾಡಿನಲ್ಲಿ ನೋಡುವುದಿಲ್ಲ.

ಎರಡನೇ ಯೋಜನೆ

ದಾರಿ ಇರುವ ಬೆಟ್ಟ ಅಂದರೆ ಗ್ರೋಸ್ ಮೋರ್ನ್ ಬೆಟ್ಟವೇ. ಬ್ರಿಟನ್ನಿನ ಪ್ರಧಾನಿಯಾಗಿದ್ದ ಜೇಮ್ಸ್ ಕ್ಯಾಲಹನ್ ಹೆಸರಿನ ದಾರಿ. ಒಟ್ಟು ಸುಮಾರು 16-17 ಕಿಲೋಮೀಟರ್, ಆರರಿಂದ ಎಂಟು ಗಂಟೆ ಅನ್ನುತ್ತಾರೆ. ಮೊದಲ ನಾಲ್ಕು ಕಿಲೋಮೀಟರ್ ಕಾಡಿನ ನಡುವೆ ನಿಧಾನ ಏರು, ಬೆಟ್ಟದ ಬುಡದವರೆಗೆ. ಅಲ್ಲಿಂದ ಗಲ್ಲಿ ಅಂತ ಕರೆಯುವ ಕಲ್ಲಿನ ಕೊರಕಲು. ಸುಮಾರು 500 ಮೀಟರ್ ಏರು, ಪೂರ್ತಿ ಸಡಿಲ ಕಲ್ಲು. ಮೇಲೆ ಚಪ್ಪಟೆ ತುದಿ. ಆಮೇಲೆ ಬೆಟ್ಟದ ಹಿಂಬದಿಗೆ ಫೆರಿ ಗಲ್ಚ್ ಅನ್ನುವ ಕಣಿವೆಯ ಮೂಲಕ ಇಳಿದು, ಸುತ್ತಿಕೊಂಡು ಮತ್ತೆ ಬುಡಕ್ಕೆ.

ಸಾಮಾನ್ಯವಾಗಿ ಚಾರಣದಲ್ಲಿ "ಇಷ್ಟು ಗಂಟೆಯೊಳಗೆ ತುದಿ ಮುಟ್ಟದಿದ್ದರೆ ವಾಪಸ್" ಅಂತ ಒಂದು ಸಮಯ ಇಟ್ಟುಕೊಳ್ಳುತ್ತಾರೆ. ಈ ಬೆಟ್ಟಕ್ಕೆ ಅದು ಹೊಂದುವುದಿಲ್ಲ. ಗಲ್ಲಿಯಲ್ಲಿ ಹತ್ತಬಹುದು, ಇಳಿಯಬಾರದು. ಸಡಿಲ ಕಲ್ಲಿನ ಮೇಲೆ ಇಳಿಯುವುದು ನಮಗೂ ಅಪಾಯ, ಕೆಳಗೆ ಹತ್ತಿ ಬರುತ್ತಿರುವವರಿಗೆ ಇನ್ನೂ ಅಪಾಯ. ಅರ್ಧ ಹತ್ತಿದ ಮೇಲೆ ಮನಸ್ಸು ಬದಲಾದರೂ ಮುಂದೆ ಹೋಗುವುದೇ ಸುರಕ್ಷಿತ. ಹಾಗಾಗಿ ತೀರ್ಮಾನದ ಜಾಗ ತುದಿಯಲ್ಲಿ ಇರುವಂತಿಲ್ಲ. ಬುಡದಲ್ಲೇ ಇರಬೇಕು. ನಾವು ಬರೆದುಕೊಂಡ ನಿಯಮ ಎರಡೇ ಸಾಲು: ಹತ್ತು ಗಂಟೆಯೊಳಗೆ ಬುಡ ತಲುಪದಿದ್ದರೆ ಅಲ್ಲಿಂದಲೇ ವಾಪಸ್. ಬುಡದಲ್ಲಿ ನಿಂತಾಗ ತುದಿ ಮೋಡದಲ್ಲಿದ್ದರೆ ಅಲ್ಲಿಂದಲೇ ವಾಪಸ್. ಆಗಸ್ಟ್ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದು ಎಂಟು ಗಂಟೆ ದಾಟಿದ ಮೇಲೆ. ಬುಡದಿಂದ ಸುತ್ತು ಮುಗಿಸಿ ಕಾರಿಗೆ ಬರಲು ಹತ್ತು ಗಂಟೆಯಷ್ಟು ಬೆಳಕು ಕೈಯಲ್ಲಿರುತ್ತದೆ. ಅಕ್ಕನ ಮಂಡಿಗೆ ಇಷ್ಟು ಅಂತ ಅದರಲ್ಲೇ ಎತ್ತಿಟ್ಟಿದ್ದೆವು.

ಯಾವ ತಿಂಗಳು ಅನ್ನುವುದಕ್ಕೂ ಒಂದಿಷ್ಟು ಎಳೆದಾಟ ಆಯಿತು. ಜೂನ್ ಮುಚ್ಚಿರುತ್ತದೆ. ಜುಲೈನಲ್ಲಿ ಕಚ್ಚುವ ಸಣ್ಣ ಕಪ್ಪು ನೊಣಗಳ ಕಾಟ. ಇಂಬಳ ಇಲ್ಲ ಅಂತ ಭಾವ ಖುಷಿಪಟ್ಟಿದ್ದರು, ಈ ನೊಣದ ಬಗ್ಗೆ ಓದಿದ ಮೇಲೆ ಇಂಬಳವೇ ವಾಸಿ ಅಂದರು. ಸೆಪ್ಟೆಂಬರಿನಲ್ಲಿ ನೊಣ ಕಮ್ಮಿ, ಆದರೆ ಅಟ್ಲಾಂಟಿಕ್‌ನ ಚಂಡಮಾರುತಗಳು ದಕ್ಷಿಣದಿಂದ ಇಲ್ಲಿವರೆಗೂ ಬರುವುದುಂಟು. 2022ರ ಸೆಪ್ಟೆಂಬರಿನಲ್ಲಿ ಫಿಯೋನಾ ಬಂದಾಗ ಇದೇ ದ್ವೀಪದ ಪೋರ್ಟ್ ಓ ಬಾಸ್ಕ್ ಊರಿನಲ್ಲಿ ಮನೆಗಳೇ ಸಮುದ್ರಕ್ಕೆ ಹೋದವು. ಆಗಸ್ಟ್ ಕೊನೆ ಅಂತ ಗಟ್ಟಿ ಮಾಡಿದೆವು. ಬೆಟ್ಟಕ್ಕೆ ಅಂತ ಒಂದು ದಿನ ಗೊತ್ತು ಮಾಡಲಿಲ್ಲ. ಅಲ್ಲಿರುವ ದಿನಗಳಲ್ಲಿ ಆಕಾಶ ಯಾವತ್ತು ಬಿಡುತ್ತದೋ ಅವತ್ತು.

ಆಕಾಶ ಬಿಡುತ್ತದೆ ಅಂತ ಹಿಂದಿನ ರಾತ್ರಿಯೇ ತಿಳಿಯುವುದು ಹೇಗೆ? ಹವಾಮಾನ ವರದಿ ಸಿಗುವುದು ಬೆಟ್ಟದ ಹತ್ತಿರದ ರಾಕಿ ಹಾರ್ಬರ್ ಊರಿಗೆ, ಅಂದರೆ ಸಮುದ್ರಮಟ್ಟಕ್ಕೆ. ತುದಿಯಲ್ಲಿ ಅದಕ್ಕಿಂತ ಸುಮಾರು ಐದು ಡಿಗ್ರಿ ಜಾಸ್ತಿ ಚಳಿ ಅಂತ ಹಿಡಿಯಬೇಕು, ಗಾಳಿಯ ಚಳಿ ಬೇರೆ. ಮೋಡಕ್ಕೆ ಇನ್ನೊಂದು ಸುಲಭ ಲೆಕ್ಕವಿದೆ. ಹವಾಮಾನದ ಆಪ್‌ಗಳಲ್ಲಿ ತಾಪಮಾನದ ಜೊತೆ ಇಬ್ಬನಿ ಬಿಂದು ಅಂತ ಒಂದು ಅಂಕಿ ಕೊಡುತ್ತಾರೆ, ಗಾಳಿಯಲ್ಲಿನ ತೇವ ನೀರಾಗಲು ಎಷ್ಟು ತಣ್ಣಗಾಗಬೇಕು ಅನ್ನುವುದು. ಎರಡರ ವ್ಯತ್ಯಾಸವನ್ನು 125ರಿಂದ ಗುಣಿಸಿದರೆ ಮೋಡ ಎಷ್ಟು ಮೀಟರ್ ಎತ್ತರದಲ್ಲಿ ಕಟ್ಟುತ್ತದೆ ಅಂತ ಅಂದಾಜು ಸಿಗುತ್ತದೆ. ಊರಲ್ಲಿ 16 ಡಿಗ್ರಿ, ಇಬ್ಬನಿ ಬಿಂದು 12. ವ್ಯತ್ಯಾಸ ನಾಲ್ಕು, ಮೋಡ 500 ಮೀಟರಿಗೆ. ಬೆಟ್ಟ 806. ಅಂದರೆ ಮೇಲಿನ ಮುನ್ನೂರು ಮೀಟರ್ ಮೋಡದೊಳಗೆ. ತುದಿ ಕಾಣಬೇಕೆಂದರೆ ವ್ಯತ್ಯಾಸ ಏಳರ ಹತ್ತಿರ ಇರಬೇಕು. ಇದು ಅಂದಾಜಷ್ಟೇ, ಪಂಚಾಂಗ ಅಲ್ಲ. ಆದರೆ ಸಮುದ್ರದಿಂದ ಬಂದ ಗಾಳಿ ನೇರ ಬೆಟ್ಟ ಹತ್ತುವ ಜಾಗದಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಸಾಮಾನಿನ ವಿಷಯದಲ್ಲಿ ಹೇಳುವಂಥದ್ದು ಕಮ್ಮಿ. ಮಳೆ-ಗಾಳಿ ತಡೆಯುವ ಜಾಕೆಟ್, ಉಣ್ಣೆ ಟೋಪಿ, ಕೈಗವಸು, ಹೆಡ್‌ಟಾರ್ಚ್, ಎರಡೆರಡು ಊರುಗೋಲು, ನೀರಿಗೆ ಫಿಲ್ಟರ್, ನಾಲ್ವರೂ ಒಳಗೆ ಕೂರಬಹುದಾದ ಒಂದು ತುರ್ತು ಚೀಲ, ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ. ಬೆಟ್ಟದ ಮೇಲೆ ಮೊಬೈಲ್ ಸಿಗ್ನಲ್ಲನ್ನು ನೆಚ್ಚುವಂತಿಲ್ಲ. ಹತ್ತಿ ಬಟ್ಟೆ ಬೇಡ: ಒದ್ದೆಯಾದರೆ ಒಣಗುವುದಿಲ್ಲ, ಮೈಶಾಖ ಹೀರುತ್ತದೆ. ಗೆಳೆಯ ಜೀನ್ಸ್ ಬಿಡಲು ಒಪ್ಪಿದ್ದು ವಿಮಾನ ಹತ್ತುವ ಹಿಂದಿನ ದಿನ. ಕರಡಿ ಸ್ಪ್ರೇ ಮತ್ತು ಒಲೆಯ ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಬಿಡುವುದಿಲ್ಲ, ಬೇಕಿದ್ದರೆ ಅಲ್ಲೇ ಕೊಳ್ಳಬೇಕು. ತಿನ್ನಲು ಚಪಾತಿ-ಚಟ್ನಿಪುಡಿ, ಬಿಸಿನೀರು ಹಾಕಿ ಮುಚ್ಚಿಟ್ಟರೆ ಸಾಕಾಗುವ ಅವಲಕ್ಕಿ ಉಪ್ಪಿಟ್ಟಿನ ಮಿಕ್ಸ್, ಕಡಲೆಮಿಠಾಯಿ.

ಒಂದು ವಿಷಯ ಮಾತ್ರ ನಮ್ಮಂಥವರಿಗೇ ಸಂಬಂಧಪಟ್ಟದ್ದು. "ಇಷ್ಟು ಗಂಟೆಯೊಳಗೆ ನಮ್ಮ ಸುದ್ದಿ ಬರದಿದ್ದರೆ ಇಂಥವರಿಗೆ ತಿಳಿಸಿ" ಅಂತ ಒಬ್ಬರಿಗೆ ಹೇಳಿಟ್ಟು ಹೋಗಬೇಕು. ನಮ್ಮ ಮನೆಯಲ್ಲಿ ರೂಢಿಯಂತೆ ಆ ಒಬ್ಬರು ಮೈಸೂರಿನ ಅಮ್ಮ. ನ್ಯೂಫೌಂಡ್‌ಲ್ಯಾಂಡ್‌ನ ಸಮಯವೂ ನಮ್ಮ ಭಾರತದ್ದರಂತೆ ಅರ್ಧ ಗಂಟೆಯ ಲೆಕ್ಕದ್ದು. ಬೇಸಿಗೆಯಲ್ಲಿ ಭಾರತಕ್ಕೂ ಅಲ್ಲಿಗೂ ಸರಿಯಾಗಿ ಎಂಟು ಗಂಟೆ ವ್ಯತ್ಯಾಸ. ಅಲ್ಲಿ ಕತ್ತಲಾಗುವ ಎಂಟು ಗಂಟೆಗೆ ಮೈಸೂರಿನಲ್ಲಿ ಬೆಳಗಿನ ಜಾವ ನಾಲ್ಕು. ಅಮ್ಮ ಆ ಹೊತ್ತಿಗೆ ಎದ್ದು ಕೂತಿರುತ್ತಾಳೆ, ಅದು ಬೇರೆ ಮಾತು. ಕೆನಡಾದಲ್ಲಿ ಯಾರಿಗೆ ಫೋನ್ ಮಾಡಬೇಕು, ಏನು ಹೇಳಬೇಕು ಅಂತ ಅವಳ ಮೇಲೆ ಹೊರಿಸುವುದು ಸರಿಯಲ್ಲ. ಟೊರಾಂಟೊದ ಒಬ್ಬ ಸ್ನೇಹಿತೆಗೆ ದಾರಿಯ ವಿವರ, ಕಾರಿನ ನಂಬರು, ಜಾಕೆಟ್‌ಗಳ ಬಣ್ಣ, ರಾತ್ರಿ ಹತ್ತರ ಗಡುವು ಎಲ್ಲ ಬರೆದು ಕೊಟ್ಟೆವು. ಅಮ್ಮನಿಗೆ ಫೋಟೊ ಕಳಿಸುತ್ತೇವೆ ಅಂದೆವು.

ನಡೆದದ್ದು

ಡಿಯರ್ ಲೇಕ್ ವಿಮಾನ ನಿಲ್ದಾಣದಿಂದ ರಾಕಿ ಹಾರ್ಬರ್‌ಗೆ ಸುಮಾರು 70 ಕಿಲೋಮೀಟರ್. ಹಗಲಲ್ಲೇ ತಲುಪುವ ವಿಮಾನ ಹಿಡಿದಿದ್ದೆವು. ಮುಸ್ಸಂಜೆಯಲ್ಲಿ ರಸ್ತೆಗೆ ಮೂಸ್ ಬರುತ್ತದೆ, ಎತ್ತರದ ಕಾಲು, ಕಾರು ಗುದ್ದಿದರೆ ಅದರ ಮೈ ನೇರ ಗಾಜಿನ ಮೇಲೆ. ಅಲ್ಲಿಯವರು ಮೊದಲು ಹೇಳುವ ಬುದ್ಧಿಮಾತೇ ಕತ್ತಲಲ್ಲಿ ಕಾರು ಓಡಿಸಬೇಡಿ ಅಂತ.

ಮಾರನೇ ದಿನ ಊರಿನಲ್ಲಿ ಒಳ್ಳೆ ಹಗಲು. ಮಕ್ಕಳು ಐಸ್‌ಕ್ರೀಂ ತಿನ್ನುತ್ತಿದ್ದರು. ಇಬ್ಬನಿ ಬಿಂದುವಿನ ವ್ಯತ್ಯಾಸ ಮಾತ್ರ ಮೂರು. ಭಾವ ಹೊರಗೆ ಹೋಗಿ ನೋಡಿ ಬಂದು, "ಬೆಟ್ಟದ ತಲೆಯೇ ಇಲ್ಲ ಕಣೋ" ಅಂದರು. ಅವತ್ತು ಟೇಬಲ್‌ಲ್ಯಾಂಡ್ಸ್‌ಗೆ ಹೋದೆವು. ಭೂಮಿಯ ಒಳಪದರದ ಪೆರಿಡೊಟೈಟ್ ಕಲ್ಲು ಮೇಲೆ ಬಂದು ಕೂತಿರುವ ಜಾಗ. ಕಂದು ಬಣ್ಣದ ಬೋಳು ಬೆಟ್ಟ, ಗಿಡವೂ ಸರಿಯಾಗಿ ಹುಟ್ಟುವುದಿಲ್ಲ. ನಡೆಯಲು ಸಲೀಸು. ಭಾವ ದಾರಿಯುದ್ದಕ್ಕೂ ಆಚೆ ಬೆಟ್ಟದ ಕಡೆ ನೋಡುತ್ತಲೇ ಇದ್ದರು.

ಅದರ ಮಾರನೇ ದಿನಕ್ಕೆ ವ್ಯತ್ಯಾಸ ಏಳು ತೋರಿಸಿತು. ಬೆಳಿಗ್ಗೆ ಏಳಕ್ಕೆ ಹೊರಟು ಒಂಬತ್ತಕ್ಕೆ ಮುಂಚೆಯೇ ಬುಡದಲ್ಲಿದ್ದೆವು. ತುದಿ ಚೊಕ್ಕ ಕಾಣುತ್ತಿತ್ತು. ನಿಯಮ ಎರಡೂ ಪಾಸ್.

ಗಲ್ಲಿ ದೂರದಿಂದ ಬೆಟ್ಟದ ಮೇಲೆ ಜಲ್ಲಿ ಸುರಿದಂತೆ ಕಾಣುತ್ತದೆ. ಹತ್ತಿರ ಹೋದರೆ ಮುಷ್ಟಿಯಷ್ಟಿನಿಂದ ಸೂಟ್‌ಕೇಸಿನಷ್ಟು ದೊಡ್ಡ ಕಲ್ಲುಗಳು. ಹೆಜ್ಜೆ ಇಟ್ಟ ಕಲ್ಲು ನಿಲ್ಲುತ್ತದೋ ಉರುಳುತ್ತದೋ ಅಂತ ಕಾಲಿಟ್ಟ ಮೇಲೇ ಗೊತ್ತಾಗುವುದು. ಊರುಗೋಲು ಮಡಚಿ ಬ್ಯಾಗಿಗೆ ಕಟ್ಟಿದೆವು, ಕೈಯೂ ಬೇಕಾಗುತ್ತದೆ. ಒಬ್ಬರ ನೇರ ಕೆಳಗೆ ಇನ್ನೊಬ್ಬರು ಇರಬಾರದು ಅಂತ ಓರೆಯಾಗಿ, ಬಿಡಿಬಿಡಿಯಾಗಿ ಹತ್ತಿದೆವು. ಕಲ್ಲು ಜಾರಿದರೆ ಕಿರುಚಬೇಕು. ಗೆಳೆಯನ ಕಾಲಡಿಯಿಂದ ತೆಂಗಿನಕಾಯಿ ಗಾತ್ರದ್ದೊಂದು ಹೊರಟಿತು. "ಕಲ್ಲು! ಕಲ್ಲು!" ಅಂತ ಅವನು ಕನ್ನಡದಲ್ಲೇ ಕೂಗಿದ. ಕೆಳಗಿದ್ದ ಅಪರಿಚಿತ ಗುಂಪಿಗೆ ಭಾಷೆ ಗೊತ್ತಿರಲಿಲ್ಲ, ಅರ್ಥ ಮಾತ್ರ ಆಯಿತು, ಎಲ್ಲರೂ ಪಕ್ಕಕ್ಕೆ ಸರಿದರು. ಕಲ್ಲು ಅವರಿಂದ ದೂರದಲ್ಲೇ ನಿಂತಿತು. ಇಲ್ಲಿ ಭಾವನ ಅನುಭವಕ್ಕೆ ಕೈ ಮುಗಿಯಬೇಕು. ಯಾವ ಕಲ್ಲು ನಂಬಬಹುದು ಅಂತ ಅವರ ಪಾದಕ್ಕೆ ಗೊತ್ತು. ಅಕ್ಕನನ್ನು ಹಿಂದಿಟ್ಟುಕೊಂಡು, "ನಾನಿಟ್ಟಲ್ಲೇ ಇಡು" ಅನ್ನುತ್ತಾ ಒಂದೂವರೆ ಗಂಟೆಗೂ ಜಾಸ್ತಿ ಹೊತ್ತು ತೆಗೆದುಕೊಂಡು ಹತ್ತಿಸಿದರು.

ಮೇಲೆ ಬಯಲು. ದಾರಿ ತೋರಿಸಲು ಅಲ್ಲಲ್ಲಿ ಕಲ್ಲುಗುಪ್ಪೆ. ಒಂದು ಬೂದು ಕಲ್ಲು ಎದ್ದು ನಡೆದಾಗ ಅದು ಟಾರ್ಮಿಗನ್ ಅಂತ ಗೊತ್ತಾಯಿತು. ದಕ್ಷಿಣಕ್ಕೆ ಬಾನ್ ಬೇ ಕೊಲ್ಲಿ, ಅದರಾಚೆ ನಿನ್ನೆಯ ಕಂದು ಬೆಟ್ಟ.

ಊಟಕ್ಕೆ ಕೂತಿದ್ದಾಗ ಪಶ್ಚಿಮದಿಂದ ಮೋಡ ಬಂತು. ಲೆಕ್ಕ ತಪ್ಪಿತು ಅನ್ನುವ ಹಾಗಿಲ್ಲ. ಏಳು ಅಂದರೆ 875 ಮೀಟರ್, ನಾವು 806ರಲ್ಲಿ. ಅಂಚಿನ ಪಾಸು. ಹತ್ತು ನಿಮಿಷದಲ್ಲಿ ಮುಂದಿನ ಗುಪ್ಪೆ ಕಾಣದಾಯಿತು. ಅಭ್ಯಾಸದಲ್ಲಿ ಅಕ್ಕ ಮಾಡಿದ್ದನ್ನೇ ಇಲ್ಲಿಗೆ ಹೊಂದಿಸಿಕೊಂಡೆವು. ಮೂವರು ಗುಪ್ಪೆಯ ಹತ್ತಿರ ನಿಲ್ಲುವುದು, ಅಕ್ಕ ದಿಕ್ಸೂಚಿ ಹಿಡಿದು ಮುಂದೆ ಹೋಗುವುದು, ದನಿ ಕೇಳುವಷ್ಟು ದೂರ ಮಾತ್ರ. ಮುಂದಿನ ಗುಪ್ಪೆ ಸಿಕ್ಕರೆ "ಓ" ಅನ್ನಬೇಕು, ಸಿಗದಿದ್ದರೆ ನಮ್ಮ "ಓ" ಹಿಡಿದು ವಾಪಸ್ ಬರಬೇಕು. ಒಂದೆರಡು ಗುಪ್ಪೆ ಹೀಗೆ ದಾಟುವಷ್ಟರಲ್ಲಿ ಮೋಡ ಹರಿಯಿತು. ಕೆಳಗೆ ಟೆನ್ ಮೈಲ್ ಪಾಂಡ್ ಪೂರ್ತಿ ಕಾಣಿಸಿತು. ಅದೂ ಹಿಮನದಿ ಕೊರೆದ ಕಣಿವೆಯೇ. ಭಾವ ಮೌನವಾಗಿ ಒಂದಷ್ಟು ಹೊತ್ತು ನೋಡಿ, "ಫೋಟೊದಷ್ಟೇ ಚೆನ್ನಾಗಿದೆ" ಅಂದರು.

ಇಳಿಯುವಾಗ ಹೊತ್ತು ಹಿಡಿಯಿತು. ಫೆರಿ ಗಲ್ಚ್ ಕಡಿದಲ್ಲ, ಆದರೆ ಕಲ್ಲು ಮುಗಿಯುವುದೇ ಇಲ್ಲ. ಅಕ್ಕನ ಮಂಡಿ ಅರ್ಧದಲ್ಲೇ ಶುರು ಮಾಡಿತು. ಊರುಗೋಲು ಉದ್ದ ಮಾಡಿಕೊಟ್ಟು, ಅವಳ ಬ್ಯಾಗನ್ನು ಗೆಳೆಯ ಎದೆಗೆ ಹಾಕಿಕೊಂಡ. ಕಾರಿಗೆ ಬಂದಾಗ ಸಂಜೆ ಐದೂವರೆ. ಉದ್ಯಾನದವರು ಹೇಳುವ ಎಂಟು ಗಂಟೆಯನ್ನು ಎರಡೂವರೆ ಗಂಟೆ ದಾಟಿದ್ದೆವು, ಬೆಳಕು ಇನ್ನೂ ಬೇಕಾದಷ್ಟಿತ್ತು. ಸ್ನೇಹಿತೆಗೆ ಸಂದೇಶ ಕಳಿಸಿದೆವು. ಅಮ್ಮನಿಗೆ ಫೋಟೊ ಕಳಿಸಿದರೆ ಎರಡೇ ನಿಮಿಷಕ್ಕೆ ಉತ್ತರ: "ಟೋಪಿ ಯಾಕೆ ಹಾಕಿಲ್ಲ?" ಅಲ್ಲಿ ಆಗ ರಾತ್ರಿ ಒಂದೂವರೆ.

ಯೋಜನೆ ಎಷ್ಟು ನಿಂತಿತು

ಬುಡದಲ್ಲಿ ತೀರ್ಮಾನ ಮಾಡುವ ನಿಯಮ ನೂರಕ್ಕೆ ನೂರು ಸರಿ. ನಮ್ಮ ಹಿಂದೆ ಬಂದ ಒಂದು ಗುಂಪು ಮಧ್ಯಾಹ್ನದ ಹೊತ್ತಿಗೆ ಗಲ್ಲಿಯ ನಡುವೆ ಕೂತು ಹತ್ತುವುದೋ ಇಳಿಯುವುದೋ ಅಂತ ಚರ್ಚೆ ಮಾಡುತ್ತಿದ್ದದ್ದನ್ನು ಮೇಲಿಂದ ನೋಡಿದೆವು. ಇಬ್ಬನಿ ಬಿಂದುವಿನ ಲೆಕ್ಕಕ್ಕೆ ಒಂದು ತಿದ್ದುಪಡಿ: ಏಳು ಅಂದರೆ ಅಂಚು, ಎಂಟಿದ್ದರೆ ನೆಮ್ಮದಿ. ಇಳಿತಕ್ಕೆ ಏರಿನಷ್ಟೇ ಸಮಯ ಅಂತ ಹಿಡಿಯಿರಿ, ಮಂಡಿ ನೋವಿರುವವರಿದ್ದರೆ ಅದಕ್ಕೂ ಜಾಸ್ತಿ. ಅವಲಕ್ಕಿ ಮಿಕ್ಸ್ ಹೊತ್ತದ್ದೇ ಬಂತು. ಗಾಳಿಯಲ್ಲಿ ಒಲೆ ಹಚ್ಚಲು ಯಾರಿಗೂ ಮನಸ್ಸಾಗಲಿಲ್ಲ, ಚಪಾತಿ ಮಾತ್ರ ಖಾಲಿಯಾಯಿತು.

ಟ್ರಾವರ್ಸ್ ಯೋಜನೆ ಇನ್ನೂ ಇದೆ. ನಾಲ್ವರಲ್ಲಿ ಇಬ್ಬರಾದರೂ ದಾರಿ ತೋರಿಸಬಲ್ಲವರಿರಬೇಕು ಅನ್ನುವ ಷರತ್ತನ್ನು ಈಗ ಮೂವರು ಅಂತ ಏರಿಸಿದ್ದೇವೆ. ಅಕ್ಕ ಎತ್ತರದ ಗೆರೆ ಓದುವುದನ್ನು ಕಲಿತಾಯಿತು. ಭಾವ ಶನಿವಾರಗಳಲ್ಲಿ ದಿಕ್ಸೂಚಿ ಹಿಡಿದು ಕಾಡಿಗೆ ಹೋಗುತ್ತಿದ್ದಾರೆ, ಅಕ್ಕನೇ ಮೇಷ್ಟ್ರು. ಹೋದ ವಾರವೂ ಬೇರೆಯೇ ಕೆರೆಗೆ ಹೋಗಿದ್ದರಂತೆ, ಆದರೆ ಈ ಸಲ ಅರ್ಧ ದಾರಿಯಲ್ಲೇ ಅವರಿಗೇ ಅನುಮಾನ ಬಂದು ನಿಂತರಂತೆ. ಹುಬ್ಬಳ್ಳಿ ಗೆಳೆಯ ಮಾತ್ರ ಖಡಾಖಂಡಿತವಾಗಿ ಹೇಳಿದ್ದಾನೆ: "ದಾರಿ ನೀವು ನೋಡ್ಕೋರಿ, ಬ್ಯಾಗ್ ನಾ ಹೊರ್ತೀನಿ."